ಪಾತಾಳದ ಬಾಗಿಲು, ಬಿ-ಟೂ ಪಾರ್ಕಿಂಗು

ಭಾನುವಾರ ಬಂತೆಂದರೆ ಗೇಟಿನ ಹತ್ತಿರ
ಮೊಬೈಲು ಎತ್ತಿ ಹಿಡಿದು ನಿಲ್ಲುತ್ತಾರೆ ಹುಡುಗರು.
ಪರದೆಯೊಳಗೊಂದು ಬಂಡೆ, ಎದುರಿಗೆ ಹದಿನಾಲ್ಕು ಮಹಡಿ,
ಎರಡನ್ನೂ ಕೂಡಿಸಲು ಒಂದು ಕಣ್ಣು ಮುಚ್ಚುತ್ತಾರೆ.
'ಅಮ್ಮಾ, ಪಾತಾಳದ ಬಾಗಿಲು ಇದ್ದಿದ್ದು ಇಲ್ಲೇನಾ?'

ಪೊರಕೆ ಗೋಡೆಗೊರಗಿಸಿ ತೋರಿಸುತ್ತೇನೆ.
ಅಗೋ, ಆ ಇಳಿಜಾರು. ಬಿ-ಟೂ ಪಾರ್ಕಿಂಗು.
ಒಳಕ್ಕೆ ಹೋಗಬೇಡಿ, ಸೆಕ್ಯುರಿಟಿ ಬೈಯುತ್ತಾನೆ.
ಏಳು ಹೆಡೆಯ ಸರ್ಪ ಮಲಗಿದ್ದ ಕಡೆ
ನೂರಾ ನಾಲ್ಕನೇ ಮನೆಯವರ ಕೆಂಪು ಕಾರು
ಹೊದ್ದುಕೊಂಡು ಮಲಗಿದೆ.

ಬನ್ನೇರುಘಟ್ಟ ರಸ್ತೆಗೆ ಆಗ ಈ ಅಗಲವಿಲ್ಲ.
ಜಯನಗರ ದಾಟಿದರೆ ರಾಗಿ ಹೊಲ,
ರಾಗಿ ಮುಗಿದಲ್ಲಿ ನಮ್ಮ ಕ್ವಾರಿ.
ಅಪ್ಪ ಓಬಳಪ್ಪ, ಅವ್ವ ಪೆದ್ದಕ್ಕ,
ನಾನು ಎಂಟು ವರ್ಷದವಳು, ನೀರು ಹೊರುವವಳು.

ಮೂರು ಭಾಗದ ಪಿಚ್ಚರ್, ಮೂರು ಬೇಸಿಗೆ.
ಮೆಟಡಾರ್ ತುಂಬ ಕಿರೀಟ ತಂದಿಳಿಸಿದರು.
ರಾಕ್ಷಸರು ಬೇಕು, ದಿನಕ್ಕೆ ಹದಿನೈದು ರೂಪಾಯಿ, ಪಲಾವಿನ ಪೊಟ್ಟಣ.
(ಕಲ್ಲು ಒಡೆದರೆ ಒಂಬತ್ತು, ಪೊಟ್ಟಣವಿಲ್ಲ.)
ಅಪ್ಪನ ಎದೆಗೆ ಮಸಿ ಬಳಿಯಲು ಬಂದವನನ್ನು
ಮೇಕಪ್ಪಿನ ಯಜಮಾನ ತಡೆದ:
'ಇವನಿಗೆ ಬೇಡ ಬಿಡೋ, ಹೀಗೇ ಸರಿಯಾಗಿದ್ದಾನೆ.'
ಎಲ್ಲರೂ ನಕ್ಕರು. ಅಪ್ಪನೂ ನಕ್ಕ.
ಹಲ್ಲು ಚೆನ್ನಾಗಿದ್ದವು ಅವನಿಗೆ.

ಅಷ್ಟು ಬಂಡೆಗಳ ನಡುವೆ ಅವರು
ಥರ್ಮಾಕೋಲಿನ ಬಂಡೆ ತಂದಿಟ್ಟರು.
ಕ್ಯಾಮೆರಾಕ್ಕೆ ನಿಜದ ಕಲ್ಲು
ಕಲ್ಲಿನ ಹಾಗೆ ಕಾಣುವುದಿಲ್ಲವಂತೆ.
ರಾಜಕುಮಾರ ಒಂದೇ ಕೈಯಲ್ಲಿ ಎತ್ತಿ ಎಸೆದ,
ಜೆಲ್ಲಿಯ ಬುಟ್ಟಿ ತಲೆ ಮೇಲಿದ್ದಂತೆಯೇ
ಅವ್ವ ನಿಂತು ನೋಡಿದಳು, ಎಲೆಯಡಿಕೆ ಉಗಿದಳು, ಹೋದಳು.
ಅದರದೊಂದು ಚೂರು ನಾನು ಕದ್ದು ತಂದು
ತಲೆದಿಂಬು ಮಾಡಿಕೊಂಡೆ.
ರಾತ್ರಿಯೆಲ್ಲ ಕಿರ್ ಕಿರ್ ಅಂದಿತು.

'ಸೈಲೆನ್ಸ್!' ಅಂದರೆ ಇಡೀ ಕ್ವಾರಿ ಉಸಿರು ಹಿಡಿಯಬೇಕು.
ಅವ್ವ ಹಿಡಿಯಲಿಲ್ಲ. ಅವಳದು ಲೋಡಿನ ಲೆಕ್ಕ,
ಸಂಜೆ ಲಾರಿ ಬರುತ್ತದೆ, ಲಾರಿಗೆ ಪಾತಾಳ ಗೊತ್ತಿಲ್ಲ.
ಅವಳನ್ನು ಪಿಚ್ಚರಿಗೆ ಕರೆದೂ ಇರಲಿಲ್ಲ,
ರಾಕ್ಷಸಿಯರು ಬಸ್ಸಿನಲ್ಲಿ ಬಂದಿದ್ದರು, ಬೆಳ್ಳಗಿದ್ದರು.
ಮೂರು ಸಲ ಬಂದು ಬೈದರು. ಆಮೇಲೆ
ದೂರದ ಮೂಲೆಗೆ ಕಳಿಸಿದರು.

ಎರಡನೇ ಭಾಗದಲ್ಲಿ ಇದೆ, ಕೇಳಿ ನೋಡಿ.
ರಾಜಕುಮಾರ ಬಾಗಿಲಿನ ಎದುರು ಕತ್ತಿ ಹಿರಿದು
ಮಾತಾಡುವುದಕ್ಕೆ ಬಾಯಿ ತೆರೆಯುವ ಮುಂಚೆ,
ದೂರದಲ್ಲಿ: ಟಣ್, ಟಣ್, ಟಣ್.
ಒಂದು ಬಿಡುವು.
ಟಣ್.

ಕಿವಿಗೆ ಹೆಡ್‌ಫೋನು ಹಾಕಿದ ಹುಡುಗನೊಬ್ಬ
ಬಹಳ ಮರ್ಯಾದೆಯಿಂದಲೇ ಹೇಳಿದ:
'ಆ ಕಾಲದಲ್ಲಿ ಎಲ್ಲಾ ಡಬ್ಬಿಂಗು ಅಮ್ಮಾ.
ಯಾರೋ ಸ್ಟುಡಿಯೋದಲ್ಲಿ ಕಬ್ಬಿಣ ಕುಟ್ಟಿರ್ತಾರೆ.'
ಇರಬಹುದು. ಅವನು ಓದಿದವನು.
ಆದರೆ ಆ ಬಿಡುವು?
ಮೂರು ಏಟಿಗೊಮ್ಮೆ ಅವ್ವ ಸುತ್ತಿಗೆ ತಡೆದು
ಸೆರಗಿನ ತುದಿಯಲ್ಲಿ ಕಣ್ಣಿನ ಪುಡಿ ತೆಗೆಯುತ್ತಿದ್ದಳು,
ಎಡಗಣ್ಣು ಮೊದಲು.
ಸ್ಟುಡಿಯೋದವನ ಕಣ್ಣಿಗೆ ಏನು ಬಿದ್ದಿತ್ತು?

ಕೊನೆಗೆ ಆ ಎಡಗಣ್ಣು ಹೋಯಿತು. ಆ ವಿಷಯ ಬಿಡಿ.

ಮಳೆಗಾಲದಲ್ಲಿ ಬಿ-ಟೂ ಗೋಡೆ ಜಿನುಗುತ್ತದೆ.
ಪೇಂಟು ಎಷ್ಟು ಸಲ ಬಳಿದರೂ ಗುಳ್ಳೆ ಏಳುತ್ತದೆ,
ಪಂಪು ರಾತ್ರಿಯಿಡೀ ಓಡುತ್ತದೆ.
ಅಸೋಸಿಯೇಷನ್ನಿನವರು ಇಂಜಿನಿಯರನ್ನು ಕರೆಸಿದ್ದರು,
ಎಲ್ಲಿಂದ ನೀರು ಅಂತ ಅವನಿಗೆ ತಿಳಿಯಲಿಲ್ಲ.
ನನ್ನನ್ನು ಯಾರೂ ಕೇಳಲಿಲ್ಲ.
ಎಂಟು ವರ್ಷಕ್ಕೆ ನಾನು ಬಿಂದಿಗೆ ಮುಳುಗಿಸಿದ ಹೊಂಡ ಅದು.

'ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಫ್ರೇಮಿಗೆ ಅಡ್ಡ ಆಗ್ತಿದೀರಿ.'
ಸರಿ ಮಗಾ.
ಸರಿದು ನಿಂತೆ.
ಪೊರಕೆ ಅಲ್ಲೇ ಇತ್ತು, ಬಾಗಿಲಿನ ಪಕ್ಕ.
ಅವನು ನೋಡಲಿಲ್ಲ, ನಾನು ಹೇಳಲಿಲ್ಲ.