ಕೊಪ್ಪರಿಗಿ ತಳ

ಮೂರನೇ ಕೈ ಗಾಡಿ. ಹೊಟ್ಟಿಗೂ ನೆಲಕ್ಕೂ ಗೇಣು ದೂರ.
ಗೈಬೂಸಾಬ ಅಡಿಗೆ ಹೊಕ್ಕು ಅಂಗಾತ ಮಲಗಿ
ಪಾನಾದಿಂದ ತಟ್ಟಿ ನೋಡಿದ,
ಡಾಕ್ಟರು ಕೂಸಿನ ಬೆನ್ನು ತಟ್ಟಿದಂಗ.
‘ನಾಕೂ ಗಾಲಿಗೆ ಜೋರಿಲ್ಲ ಇದಕ್ಕ,
ಮುಂದಿನವು ಎರಡೇ ಎಳೀಬೇಕು. ರೊಕ್ಕ ಎಷ್ಟೈತಿ?’
ಹದಿನೆಂಟು ಸಾವಿರ ಅಂದೆ.
ನಕ್ಕ. ನಕ್ಕಿದ್ದಕ್ಕ ದಂಡ ಅಂತ ಚಾ ಹೇಳಿದ.

ಲೇತಿನ್ಯಾಗ ಬಿಲ್ಲಿ ಕಡೆದು ಸ್ಪ್ರಿಂಗಿನ ನೆತ್ತಿಮ್ಯಾಲಿಟ್ಟ:
ಎರಡು ಬೆರಳು ಎತ್ತರ.
ಮುಂದ ಗಟ್ಟಿ ಹಲ್ಲಿನ ಟೈರು, ಹಿಂದಿನವು
‘ಸಂಕ್ರಾಂತಿ ಆದಮ್ಯಾಲೆ.’
ಎಂಜಿನ್ ಕೆಳಗಿನ ತಗಡು ಕಂಪನೀದು ಒಂಬತ್ತು ಸಾವಿರ.
ಅಂವ ಗುಜರಿಯಿಂದ ಹೊತ್ತು ತಂದದ್ದು
ಮುರಗೋಡರ ಗಾಣದ ಹಳೇ ಕೊಪ್ಪರಿಗಿ,
ಮೂವತ್ತು ಹಂಗಾಮು ಬೆಲ್ಲ ಕುದಿಸಿದ ತಳ.
ಕೊರೆದ, ಬಡಿದ, ಬೋಲ್ಟು ಬಿಗಿದ.

ಈಗ ಎಂಜಿನ್ ಕಾದರ
ಇಡೀ ಮಹಾಲಿಂಗಪುರ ನನ್ನ ಕಾಲಬುಡಕ ಕುದಿತೈತಿ.
ರಾತ್ರಿ ಇರಿವಿ ಸಾಲುಗಟ್ಟಿ ಬರತಾವ.
ಮನ್ಯಾಕಿ ಬಿಲ್ಲು ಕೇಳಿದ್ರ ಸಾಲು ತೋರಿಸತೀನಿ.

ನಿನ್ನೆ ಕೆನಾಲ್ ದಂಡಿ ಬಿಟ್ಟು ಎರಿಗೆ ಇಳಿದೆ.
ಹತ್ತು ಮಾರು. ಅಷ್ಟ.
ಹಲ್ಲಿನ ಸಂದ್ಯಾಗ ಮಣ್ಣು ನಾದಿದ ಹಿಟ್ಟಾತು,
ಎತ್ತರ, ಹಲ್ಲು, ಕೊಪ್ಪರಿಗಿ, ಯಾವುದೂ ಕೈ ಹಿಡೀಲಿಲ್ಲ.
ಫೋನ್ ಹಚ್ಚಿದೆ. ಊಟಕ್ಕ ಕುಂತಿದ್ದ.
‘ಗಾಳಿ ಬಿಡ್ರಿ. ಅರ್ಧಾ.’
ಕಡ್ಡೀಲೆ ಒತ್ತಿದೆ. ಉಸ್ಸಂತ ಟೈರು ಸಡಿಲಾಗಿ
ನೆಲಕ್ಕ ಅಂಗೈ ಊರಿದಂಗ ಊರಿತು,
ಗಾಡಿ ತೆವಳಿ ತೆವಳಿ ಹೊರಗ ಬಂತು.

‘ಇದನ್ನ ಮದಲ ಹೇಳಬಾರದಿತ್ತೇನೋ?’
‘ಮದಲ ಹೇಳಿದ್ರ
ಗಾಳಿಗೆ ರೊಕ್ಕ ಕೊಡತಿದ್ರೇನ್ರಿ?’
ಆ ಕಡೆ ಖಡಕ್ ರೊಟ್ಟಿ ಮುರಿದ ಸಪ್ಪಳ.