ಗೆರೆ

ಓರೂರೋದಲ್ಲಿ ಜೂನ್ ತಿಂಗಳ ಬೆಳಗಿಗೆ
ಆಸ್ಪತ್ರೆ ಬಾಗಿಲ ನಲ್ಲಿಯೂ ಕಲ್ಲು.
ನಿಕಾಸಿಯಾ ಲೋಟದ ಬುಡದಿಂದ
ಬಕೆಟ್ಟಿನ ಮಂಜುಗಡ್ಡೆ ಒಡೆಯುತ್ತಾಳೆ.
ಬಿಸಿನೀರು ಬೆರೆಸುವಂತಿಲ್ಲ,
ಕ್ಲೋರಿನ್ನಿನ ಕಸುವು ಹೋಗುತ್ತದೆ.
ಹಾಗಾಗಿ ಹೋಗುವುದು ಅವಳ ಬೆರಳ ಚರ್ಮ.
ರಾತ್ರಿ ಲಾಮಾ ಕೊಬ್ಬು ಸವರುತ್ತಾಳೆ,
ಬೆಳಗಾದರೆ ಮತ್ತೆ ಬಿರುಕು.

ನೆಲಕ್ಕೆ ಅಂಟಿಸಿದ ಕೆಂಪು ಪಟ್ಟಿ:
ಆಚೆ ವಾರ್ಡು, ಈಚೆ ಉಸಿರು.
ಮಡಿಯ ಗೆರೆಯಲ್ಲ ಇದು,
ಯಾರ ಹುಟ್ಟನ್ನೂ ಕೇಳುವುದಿಲ್ಲ,
ಗ್ಲೌಸು ಹೇಗೆ ಬಿಚ್ಚಿದೆ
ಅಂತಷ್ಟೇ ಕೇಳುತ್ತದೆ.

ನಿನ್ನೆ ರಾತ್ರಿ ಎರಡೂವರೆಗೆ
ದೊಡ್ಡ ಡಾಕ್ಟರು ಸಾವೆದ್ರಾ
ಏಳನೇ ಹಾಸಿಗೆಯ ಗಣಿಯವನ ಕಣ್ಣು ಮುಚ್ಚಿ
ಹೊರಬಂದು
ಕನ್ನಡಕದೊಳಗೆ ತುಂಬಿದ್ದನ್ನು ಒರೆಸಲು
ಕೈ ಎತ್ತಿದರು.

ಹದಿನಾರು ವರ್ಷ ಅವರ ಎದುರು
ಗೋಡೆಗಂಟಿ ನಡೆದವಳು
ಕೂಗಿಬಿಟ್ಟಳು, ಐಮಾರಾದಲ್ಲಿ,
ಒಲೆ ಮುಟ್ಟಹೊರಟ ಮಗುವನ್ನು ಗದರುವ ದನಿಯಲ್ಲಿ.
ಆ ಭಾಷೆ ಅವರಿಗೆ ಬಾರದು.
ಕೈ ಮಾತ್ರ ಗಾಳಿಯಲ್ಲೇ ನಿಂತಿತು.

ಆಮೇಲೆ, ಬಹುವಚನ ಮರೆತು, ಅವಳು ಹೇಳಿದಂತೆ:
ಮೊದಲು ಗ್ಲೌಸು. ಕೈ ತೊಳಿ.
ಗೌನು, ಹೊರಮೈ ಒಳಗಾಗುವಂತೆ ಸುತ್ತಿ,
ಮೆಲ್ಲಗೆ, ನಾಳೆಗೂ ಅದೇ ಬೇಕು. ತೊಳಿ.
ಕನ್ನಡಕ, ಹಿಂದಿನಿಂದ. ತೊಳಿ.
ಮಾಸ್ಕು ಕಡೆಗೆ, ದಾರ ಹಿಡಿದು,
ಉಸಿರು ಬಿಗಿಹಿಡಿದು. ತೊಳಿ.
ಅಷ್ಟರಲ್ಲಿ
ಒರೆಸಬೇಕಾದ್ದು ಕೆನ್ನೆಯ ಮೇಲೇ ಆರಿತ್ತು.

ರಾಜಧಾನಿಯವರು ನಮ್ಮ ವಿಷಯದಲ್ಲಿ
ಕೈ ತೊಳೆದುಕೊಂಡಿದ್ದಾರೆ
ಎನ್ನುತ್ತಾನೆ ಆಮ್ಲಜನಕದ ಸಿಲಿಂಡರು ಉರುಳಿಸುವವನು.
ನಿಕಾಸಿಯಾಳಿಗೆ ನಗು.
ತೊಳೆದಿದ್ದರೆ ಗೊತ್ತಾಗುತ್ತಿತ್ತು,
ಚರ್ಮ ನೋಡಿದರೆ.