ಕತ್ತು ಅಲುಗಿಸಬೇಡಿ, ಬಾಬು

ಕತ್ತು ಅಲುಗಿಸಬೇಡಿ, ಬಾಬು. ಬ್ಲೇಡು ಹೊಸದು.
ದೊರೆ ಹೋಗಲು ಕಾರಣಗಳೇನು, ಪರಿಣಾಮಗಳೇನು ಅಂತ
ಕಾಲೇಜಿನಲ್ಲಿ ಹತ್ತು ಅಂಕಕ್ಕೆ ಕೇಳುತ್ತಾರಂತಲ್ಲ.
ಹೇಳುತ್ತೇನೆ. ನಿಮ್ಮ ಕೈ ಬಟ್ಟೆಯೊಳಗಿದೆ,
ಆಮೇಲೆ ಬರೆದುಕೊಳ್ಳಿ.

ನನಗೆ ಗೊತ್ತಿರುವುದು ತಲೆಗಳು.

ಅರಮನೆಯಲ್ಲಿ ಒಂದೇ ರಾತ್ರಿ, ಊಟದ ಹೊತ್ತಿಗೆ,
ಮನೆಮಂದಿಯೆಲ್ಲ ಗುಂಡಿಗೆ ಹೋದ ವರ್ಷ
ಕಾಠ್ಮಂಡುವಿನ ಗಂಡಸರು ಅಪ್ಪ ಸತ್ತವರ ಹಾಗೆ
ಬೀದಿಗೆ ಬಂದು ಇಟ್ಟಿಗೆಗಳ ಮೇಲೆ ಸಾಲಾಗಿ ಕೂತರು.
ಮೂರು ದಿನ ಬೋಳಿಸಿದೆ. ಕಾಸು ಮುಟ್ಟಲಿಲ್ಲ.
ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆಯಿತು.
ಅಂಗೈ ಕೆಳಗೆ ಒಂದೊಂದು ನೆತ್ತಿಯೂ ಬಿಸಿ, ಬಾಬು.
ಅಳುವಿನದಲ್ಲ,
ಕೇಳಬೇಕು, ಆದರೆ ಯಾರನ್ನು, ಅನ್ನುವ ಬಿಸಿ.
ಕೂದಲು ಬೆಳೆಯಿತು. ಅದು ಆರಲಿಲ್ಲ.

ಆಮೇಲೊಂದು ಮಾಘದ ಬೆಳಿಗ್ಗೆ
ಹೊಸ ದೊರೆ ಟೀವಿಯಲ್ಲಿ ಮಾತಾಡಿದರು, ಫೋನು ಸತ್ತಿತು.
ಸಿರಹಾದಲ್ಲಿ ನನ್ನವ್ವ ಹಾಸಿಗೆ ಹಿಡಿದಿದ್ದಳು.
ವಾರ ಕಳೆದು ಫೋನು ಬದುಕಿತು.
ಅವಳು ಐದನೆಯ ದಿನವೇ ಹೋಗಿದ್ದಳು.
ಇದೇ ಕನ್ನಡಿಯೆದುರು ನನ್ನ ತಲೆ ನಾನೇ ಬೋಳಿಸಿಕೊಂಡೆ.
ಇದಕ್ಕೆ ಅಂಕ ಕೊಡುತ್ತಾರೋ ಇಲ್ಲವೋ.

ಗಲ್ಲ ಸ್ವಲ್ಪ ಮೇಲೆ.

ಆ ಚೈತ್ರದಲ್ಲಿ ತರಕಾರಿ ಲಾರಿ ಥಾನ್‌ಕೋಟ್ ದಾಟಲಿಲ್ಲ.
ಉಪ್ಪಿಲ್ಲ, ಸೀಮೆಎಣ್ಣೆಯಿಲ್ಲ.
ರಾತ್ರಿ ದೀಪ ಆರಿಸಿ ಮನೆಮನೆಯಲ್ಲೂ ತಟ್ಟೆ ಬಡಿದರು;
ಖಾಲಿ ತಟ್ಟೆಗೆ ಸದ್ದು ಜಾಸ್ತಿ.
ಇಲ್ಲಿ, ಕಲಂಕಿಯಲ್ಲಿ, ಟೈರಿನ ಹೊಗೆಯೊಳಗೆ
ಕುಂಬಾರಗೇರಿಯ ಜಿತಮಾಯಾ ಕೈತುಂಬ ಹೆಂಚಿನ ಚೂರು ಹಿಡಿದಿದ್ದಳು,
ಅವಳ ಪಕ್ಕ ಕರಿಕೋಟಿನ ವಕೀಲರು,
ಅವರ ಪಕ್ಕ ನಾನು, ಸೋಗಾರಥ್ ಠಾಕುರ್, ಕಿಸೆಯಲ್ಲಿ ಕತ್ತರಿ.

ಹೊರೆ ಹೊರುವ ಹುಡುಗ ಸೊನಾಮ್ ಮೊಕ್ತಾನ್
ಅರ್ಧ ಕಟಿಂಗಿನಲ್ಲಿ ಇದೇ ಕುರ್ಚಿಯಿಂದೆದ್ದು ಓಡಿದ್ದ,
ಬಂದು ಮುಗಿಸ್ತೀನಿ ದಾಯಿ ಅಂತ.
ಬಂದ. ದೊರೆ ತಲೆಬಾಗಿದ ನಾಲ್ಕನೆಯ ದಿನ,
ಒಂದು ಕಡೆ ಕಾಡು, ಒಂದು ಕಡೆ ಕೊಯ್ಲು ಮುಗಿದ ಗದ್ದೆ.
ಕಿವಿಯ ಹಿಂದೆ ಚರ್ಮದಡಿ ಒಂದು ಛರ್ರೆ ಉಳಿದಿತ್ತು.
ಬಾಚಣಿಗೆ ತಾಗಿದರೆ ಟಿಕ್ ಅನ್ನುತ್ತಿತ್ತು.
ತಿಂಗಳಿಗೊಮ್ಮೆ, ಎರಡು ವರ್ಷ, ಟಿಕ್.
ಗಣರಾಜ್ಯ ಬಂತು, ಅವನು ಕತಾರಿಗೆ ಹೋದ.
ಈಗ ಅಲ್ಲಿ ಯಾರ ಬಾಚಣಿಗೆಗೆ ತಾಗುತ್ತದೋ.

ಪರಿಣಾಮ ಕೇಳಿದಿರಲ್ಲ.
ಬೋರ್ಡುಗಳ ಮೇಲಿನ ‘ಶ್ರೀ ೫’ಕ್ಕೆ ಬಣ್ಣ ಬಳಿದು
ಪೇಂಟರ್ ಬದ್ರಿ ಮಗಳ ಮದುವೆ ಮಾಡಿದ.
ಅರಮನೆಗೆ ಟಿಕೆಟ್ಟು ಇಟ್ಟರು; ಹೋಗಿ ನೋಡಿ ಬಂದೆ,
ಸ್ನಾನದ ಮನೆ ನಾನೆಣಿಸಿದಷ್ಟು ದೊಡ್ಡದಲ್ಲ.
ಸರ್ಕಾರಗಳು ನನ್ನ ಕುರ್ಚಿಗಿಂತ ಬೇಗ ತಿರುಗುತ್ತವೆ.
ಮರುಚಳಿಗಾಲದಲ್ಲಿ ನಮ್ಮ ತರಾಯಿಯವರು
ನಾವೂ ಇದ್ದೇವೆ ಅಂದಾಗ
ಬಂದೂಕು ಅವೇ, ಟೋಪಿ ಮಾತ್ರ ಬೇರೆ.
ಹತ್ತೊಂಬತ್ತು ದಿನ ನಾನು ‘ಜನತೆ’ಯಾಗಿದ್ದೆ.
ಇಪ್ಪತ್ತನೆಯ ದಿನ ಮತ್ತೆ ‘ಏ ಭಯ್ಯಾ, ನೀನ್ಯಾವ ದೇಶದವನು?’

ಹಾಗಂತ ದೊರೆ ಇರಬೇಕಿತ್ತು ಅನ್ನಲಾರೆ.
ಈಗ ಇಷ್ಟು ಗಟ್ಟಿಯಾಗಿ ಬೈಯುತ್ತಿದ್ದೇನೆ,
ಬಾಗಿಲೂ ತೆರೆದೇ ಇದೆ, ನೋಡಿ.

ಮುಗಿಯಿತು. ಪಟಕ ಹಚ್ಚಲೇ? ಉರಿಯುತ್ತದೆ.

ಏಳುವ ಮುಂಚೆ ಈ ನೋಟು ನೋಡಿ.
ಆ ಹೊಸತರಲ್ಲಿ ಅಚ್ಚಾದದ್ದು, ಖರ್ಚು ಮಾಡದೆ ಇಟ್ಟಿದ್ದೇನೆ.
ಕಾಗದ ಹಳೆಯದೇ, ನೀರ್ಗುರುತಿನಲ್ಲಿ ದೊರೆಯ ಮುಖ.
ಎಸೆಯುವುದಕ್ಕೆ ದುಡ್ಡೆಲ್ಲಿ? ಅದರ ಮೇಲೊಂದು
ಲಾಲಿಗುರಾಸಿನ ಕೆಂಪು ಹೂ ಒತ್ತಿಬಿಟ್ಟರು.
ಟ್ಯೂಬ್‌ಲೈಟಿಗೆ ಹಿಡಿಯಿರಿ. ಇನ್ನೂ ಸ್ವಲ್ಪ ಓರೆಯಾಗಿ.
ಎಸಳುಗಳ ಹಿಂದೆ... ಕಂಡರೇ?

ನಿಮ್ಮಲ್ಲಿ ಚಿಲ್ಲರೆ ಇಲ್ಲವೇ.
ಪರವಾಗಿಲ್ಲ, ಪರೀಕ್ಷೆ ಮುಗಿಸಿ ಬಂದು ಕೊಡಿ.